ಬಿಸಿಲೂರಿನ ಅತ್ತರು

ಸುಗಂಧ ತಯಾರಿಕೆ ತಂಪು ನಾಡುಗಳ ಕಲೆ, ಚೆನ್ನೈಯಂಥ ಸುಡುವ ಊರಿಗೆ ಒಗ್ಗುವಂಥದ್ದಲ್ಲ ಎನ್ನುವವರಿದ್ದಾರೆ. ಮೇ ತಿಂಗಳ ಮಧ್ಯಾಹ್ನ ಹಾಕಿಕೊಂಡ ಸೆಂಟು ಬಸ್ಸು ಬರುವುದರೊಳಗೆ ಆವಿಯಾಗುತ್ತದೆ, ಉಳಿದಷ್ಟು ಬೆವರಿಗೆ ಬೆರೆತು ಬೇರೆಯೇ ಆಗುತ್ತದೆ ಎಂಬುದು ಅವರ ವಾದ. ಸಂಗತಿ ನಿಜ, ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ಈ ಕಸುಬಿನ ಮೇಲೆ ನನಗೆ ಪ್ರೀತಿ ಇರುವುದೇ ಈ ಕಷ್ಟಕ್ಕಾಗಿ. ಒಳ್ಳೆಯ ವಾಸನೆಯನ್ನು ಹೂವು, ಬೇರು, ಮರಗಳು ಆಗಲೇ ಮಾಡಿಟ್ಟಿವೆ. ಅದು ಯಾವ ವೇಗದಲ್ಲಿ, ಯಾವುದರ ಹಿಂದೆ ಯಾವುದು ನಮ್ಮನ್ನು ಬಿಟ್ಟು ಹೋಗಬೇಕೆಂದು ಗೊತ್ತುಮಾಡುವುದಷ್ಟೇ ಮನುಷ್ಯನ ಪಾಲಿನ ಕೆಲಸ. ಹಾಗಿದ್ದಮೇಲೆ, ಎಲ್ಲವೂ ಬೇಗ ಹಾರಿಹೋಗುವ ಊರಿಗಿಂತ ಒಳ್ಳೆಯ ಗರಡಿ ಈ ಕಲೆಗೆ ಇನ್ನೆಲ್ಲಿ ಸಿಕ್ಕೀತು?

ಮಲ್ಲಿಗೆಯನ್ನೇ ನೋಡಿ. ಕೋಯಂಬೇಡು ಮಾರುಕಟ್ಟೆಗೆ ಅದು ಮೊಗ್ಗಾಗಿ ಬರುತ್ತದೆ. ಕಿತ್ತಮೇಲೂ ಅದರ ಜೀವ ಹೋಗಿರುವುದಿಲ್ಲ. ಸಂಜೆಗೆ ಬಿರಿದು, ರಾತ್ರಿಯಿಡೀ ಹೊಸ ಪರಿಮಳವನ್ನು ಹುಟ್ಟಿಸುತ್ತಲೇ ಇರುತ್ತದೆ. ಇದನ್ನು ಬಲ್ಲ ತಮಿಳುನಾಡಿನ ಸಾರ ತೆಗೆಯುವ ಕಾರ್ಖಾನೆಗಳು ಬೆಳಿಗ್ಗೆ ಕೊಂಡ ಮೊಗ್ಗನ್ನು ಅರಳುವವರೆಗೆ ಹರಡಿಟ್ಟು, ಆಮೇಲೆ ಹೆಕ್ಸೇನ್ ಎಂಬ ದ್ರಾವಕಕ್ಕೆ ಒಡ್ಡುತ್ತವೆ. ಬರೀ ಹಬೆಯಲ್ಲಿ ಬಟ್ಟಿಯಿಳಿಸಿದರೆ ಮಲ್ಲಿಗೆ ಹೆಚ್ಚೇನೂ ಎಣ್ಣೆ ಕೊಡದು. ದ್ರಾವಕ ಆರಿದಮೇಲೆ ಉಳಿಯುವ ಮೇಣದಂಥ ಮುದ್ದೆಯನ್ನು ಆಲ್ಕೋಹಾಲಿನಲ್ಲಿ ಕದಡಿ, ಮೇಣ ಬೇರ್ಪಡಿಸಿದರೆ ಅಪ್ಪಟ ಸಾರ. ಅದರೊಳಗೆ ಇಂಡೋಲ್ ಎಂಬುದೂ ಇದೆ. ದಟ್ಟವಾಗಿದ್ದರೆ ಮೂಗು ಮುಚ್ಚಿಸುವ ಈ ಪದಾರ್ಥ, ಹದವಾಗಿದ್ದಾಗ ಮಲ್ಲಿಗೆಗೆ ಮೈ ತುಂಬಿಸುತ್ತದೆ. ಅದನ್ನು ಪೂರ್ತಿ ಕಳೆದ ಮಲ್ಲಿಗೆಯಲ್ಲಿ ಶುಚಿತ್ವವಿದ್ದೀತು, ರಾತ್ರಿ ಇರುವುದಿಲ್ಲ.

ಹಾರುವ ಈ ಹೂವನ್ನು ತಡೆದು ನಿಲ್ಲಿಸಲು ಭಾರದ ಜೊತೆ ಬೇಕು. ಕನೌಜಿನ ಅತ್ತರಿನವರು ತಾಮ್ರದ ಹಂಡೆಯಲ್ಲಿ ಕುದಿಸಿದ ಹೂವಿನ ಹಬೆಯನ್ನು ನೇರವಾಗಿ ಶ್ರೀಗಂಧದೆಣ್ಣೆಯೊಳಕ್ಕೇ ಇಳಿಸುವುದು ಇದೇ ಕಾರಣಕ್ಕೆ. ಶ್ರೀಗಂಧದಲ್ಲಿರುವ ಸ್ಯಾಂಟಲಾಲ್ ಬಿಸಿಲಿಗೂ ಬೇಗ ಜಗ್ಗುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರಕ್ಕೆ ದಾರಿ ಮುಚ್ಚಿದಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಎಣ್ಣೆ ಇಳಿಸತೊಡಗಿತು; ದಕ್ಷಿಣದ ಸುಗಂಧಕ್ಕೆ ಅದಕ್ಕಿಂತ ದೊಡ್ಡ ಉಪಕಾರ ನನಗೆ ಕಾಣದು. ಇನ್ನು ಕಡಲೂರಿನ ಕಡೆ ಬೆಳೆಯುವ ಲಾವಂಚ: ಬೇರಿನಿಂದ ಎಣ್ಣೆ ಇಳಿಯಲು ಗಂಟೆಗಟ್ಟಲೆ ಕಾಯಬೇಕು. ಬರಲೂ ತಡ, ಹೋಗಲೂ ತಡ. ಗಂಧ, ಲಾವಂಚಗಳನ್ನು ತಳಕ್ಕಿಟ್ಟು ಎಣ್ಣೆಯಲ್ಲೇ ಕಟ್ಟಿದ ಪರಿಮಳಕ್ಕೆ ಚೆನ್ನೈಯ ಸೆಕೆ ಶತ್ರುವಲ್ಲ. ಮೈಯ ಕಾವೇ ಅದನ್ನು ಸ್ವಲ್ಪಸ್ವಲ್ಪವಾಗಿ ಎಬ್ಬಿಸುತ್ತದೆ. ವರಾಹಮಿಹಿರನ ಬೃಹತ್ಸಂಹಿತೆ 16 ದ್ರವ್ಯಗಳಿಂದ 1,74,720 ಸುಗಂಧಗಳಾಗುತ್ತವೆ ಎಂದು ಲೆಕ್ಕ ಕೊಡುತ್ತದೆ. ಲೆಕ್ಕ ಬೆರಗಿನದು. ಆದರೆ ಅಷ್ಟರಲ್ಲಿ ಯಾವುದು ಮೂರು ತಾಸಿನ ನಂತರವೂ ಚೆನ್ನಾಗಿರುತ್ತದೆಂದು ಹೇಳಲು ಮೂಗೇ ಬೇಕು, ಕಾಯುವ ತಾಳ್ಮೆಯೂ ಬೇಕು.

ಇದೆಲ್ಲ ಉಳ್ಳವರ ಶೋಕಿ ಎಂಬ ಆಕ್ಷೇಪ ಹಳೆಯದು. 1025ರ ಸುಮಾರಿಗೆ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ ಅಂತರ್ಜಲ ಹುಡುಕುವುದು, ಗಿಡಗಳ ಆರೈಕೆ, ಅಡುಗೆ ಇವುಗಳ ಸಾಲಿನಲ್ಲೇ ಸುಗಂಧಕ್ಕೂ ಜಾಗ ಕೊಟ್ಟಿದೆ. ಬದುಕಿಗೆ ಬೇಕಾದ ತಿಳಿವಳಿಕೆಯಲ್ಲಿ ಅದೂ ಒಂದೆಂದು ಆತ ಎಣಿಸಿದ್ದ. ಪ್ರಯೋಗಶಾಲೆಯ ವಾಸನೆ ಖೋಟಾ ಎಂಬ ಮಾತಿಗೂ ನನ್ನ ಒಪ್ಪಿಗೆಯಿಲ್ಲ. 1966ರ ‘ಓ ಸೊವಾಜ್’ ಸುಗಂಧದಿಂದ ಹೆಸರಾದ ಹೆಡಿಯೋನ್ ಎಂಬ ಪ್ರಯೋಗಶಾಲೆಯ ಪದಾರ್ಥ, ಮಲ್ಲಿಗೆಯ ಸಾರವನ್ನು ಬಿಡಿಸಿ ನೋಡಿದ ಸಂಶೋಧನೆಯಿಂದಲೇ ಬಂದದ್ದು. ಹೂವನ್ನು ಅಷ್ಟು ಆಳವಾಗಿ ಅರಿತವರ ಕೆಲಸವನ್ನು ಖೋಟಾ ಎನ್ನುವುದು ಹೇಗೆ? ಇವೆಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ ಮೈಲಾಪುರದ ಹೂವಿನಂಗಡಿಯದು: ಒಂದು ಮೊಳ ಮಲ್ಲಿಗೆ ಸಿಗುವಾಗ ಸೀಸೆ ಯಾಕೆ? ಹೂವಿಗೆ ಸೀಸೆ ಸಾಟಿಯಲ್ಲ, ಒಪ್ಪುತ್ತೇನೆ. ಆದರೆ ಮಲ್ಲಿಗೆಯ ನಡುವೆ ದವನದ ಕುಡಿ ಸೇರಿಸಿ ಕಟ್ಟುವಾಕೆ ಸಿಹಿಯ ಪಕ್ಕಕ್ಕೆ ಹಸಿರಿನ ಒಗರನ್ನು ಬೇಕೆಂದೇ ಇಡುತ್ತಿದ್ದಾಳೆ. ಅತ್ತರಿನವನು ಮಾಡುವುದೂ ಅದನ್ನೇ. ಮಾರ್ಗಳಿ ತಿಂಗಳ ಚಳಿಗೆ ಮಲ್ಲಿಗೆಯ ಇಳುವರಿ ಬಿದ್ದು ಬೆಲೆ ಮುಗಿಲಿಗೇರುತ್ತದೆ. ಆಗ ಸಭೆಗಳ ಸಂಗೀತ ಕಛೇರಿಗೆ ಹೊರಟವರಿಗೆ ಏಪ್ರಿಲ್‌ನ ಸುಗ್ಗಿಯ ಮಲ್ಲಿಗೆಯನ್ನು ಕೊಡಬಲ್ಲವನು ಅವನೊಬ್ಬನೇ.