ಶುಕ್ರನ ಬಾಗಿಲಿಗೆ ಎರಡನೇ ಸಲ

ನಸುಕಿನಲ್ಲೆದ್ದು ಬಾಗಿಲಿಗೆ ನೀರು ಹಾಕುವ ನಮ್ಮಂಥವರಿಗೆ ಬೆಳ್ಳಿಚುಕ್ಕಿ ಹಳೆಯ ಗೆಳತಿ. ಕಣ್ಣಿಗೆ ಅಷ್ಟು ತಂಪಾಗಿ ಕಾಣುವ ಈ ಶುಕ್ರಗ್ರಹದ ನೆಲ ಮಾತ್ರ ಸುಮಾರು 460 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದಂತೆ! ಗಾಳಿಯ ಒತ್ತಡ ನಮ್ಮಲ್ಲಿಗಿಂತ 90 ಪಟ್ಟು ಹೆಚ್ಚು. ಮೋಡಗಳೋ, ನೀರಿನವಲ್ಲ, ಗಂಧಕಾಮ್ಲದವು. ಗ್ರಹ ಒಮ್ಮೆ ತನ್ನ ಸುತ್ತ ತಿರುಗಲು 243 ದಿನ ಬೇಕು. ಮೇಲಿನ ಮೋಡಗಳು ಸುಮಾರು ನಾಲ್ಕೇ ದಿನದಲ್ಲಿ ಅದನ್ನು ಸುತ್ತಿಬಿಡುತ್ತವೆ.

ಈ ಗಾಳಿಯ ಗುಟ್ಟು ತಿಳಿಯಲೆಂದು ಜಪಾನಿನವರು 2010ರ ಮೇ ತಿಂಗಳಲ್ಲಿ ‘ಅಕತ್ಸುಕಿ’ ಎಂಬ ನೌಕೆ ಕಳಿಸಿದರು. ಹಾಗೆಂದರೆ ಅವರ ಭಾಷೆಯಲ್ಲಿ ಮುಂಜಾವು. ಮನುಷ್ಯರಿಲ್ಲದ ನೌಕೆ, ಐದು ಕ್ಯಾಮೆರಾಗಳೇ ಅದರ ಕಣ್ಣು. ಡಿಸೆಂಬರ್ 7ರಂದು ಶುಕ್ರನ ಹತ್ತಿರ ಹೋಗಿ ವೇಗ ತಗ್ಗಿಸಬೇಕು ಅನ್ನುವಷ್ಟರಲ್ಲಿ ವಾಲ್ವ್ ಕಟ್ಟಿಕೊಂಡು ದೊಡ್ಡ ಎಂಜಿನ್ ಕೆಟ್ಟಿತು. ನೌಕೆ ಶುಕ್ರನನ್ನು ದಾಟಿ ಹೋಗಿ ಸೂರ್ಯನನ್ನು ಸುತ್ತತೊಡಗಿತು.

ಕಳೆದ ವರ್ಷ ನನ್ನ ಮಗಳು ಎರಡನೇ ಪಿಯುಸಿಯಲ್ಲಿ ಫೇಲಾದಾಗ ನಮ್ಮ ಮನೆಯಲ್ಲೂ ಎಲ್ಲ ಮುಗಿದೇ ಹೋಯಿತು ಎಂಬ ಮಾತೇ. “ಓದಿದ್ದು ಸಾಕು, ಒಳ್ಳೇ ಗಂಡು ನೋಡಿ” ಅಂದರು ಅತ್ತೆ. ಇವರೂ ಸುಮ್ಮನಿದ್ದರು. “ಇನ್ನೊಂದು ಸಲ ಕಟ್ಟಲಿ ಅತ್ತೆ, ಆಮೇಲೆ ನೋಡೋಣ” ಅಂತ ನಾನೇ ಬಾಯಿಬಿಟ್ಟೆ. ಈ ನೌಕೆಯ ಸಂಗತಿ ಪತ್ರಿಕೆಯಲ್ಲಿ ಓದಿದ್ದು ಆ ದಿನಗಳಲ್ಲೇ.

ಜಪಾನಿನವರು ಐದು ವರ್ಷ ಕಾದರು. ಮತ್ತೆ ಶುಕ್ರನನ್ನು ಸೇರುವ ದಾರಿಯನ್ನು ಸಾವಿರಾರು ಬಗೆಯಲ್ಲಿ ಲೆಕ್ಕ ಹಾಕಿದವರು ಚಿಕಾಕೊ ಹಿರೋಸೆ ಎಂಬ ಮಹಿಳೆ. 2015ರ ಡಿಸೆಂಬರ್ 7ರಂದು, ನೌಕೆಯನ್ನು ಆಚೀಚೆ ತಿರುಗಿಸಲೆಂದು ಇಟ್ಟಿದ್ದ ನಾಲ್ಕು ಪುಟ್ಟ ಎಂಜಿನ್‌ಗಳನ್ನೇ ಸುಮಾರು 20 ನಿಮಿಷ ಉರಿಸಿ ಅದನ್ನು ಶುಕ್ರನ ಕಕ್ಷೆಗೆ ಸೇರಿಸಿದರು!

ಆದರೂ ಎಲ್ಲ ಮೊದಲಿನಂತೆ ಆಗಲಿಲ್ಲ ಅನ್ನಿ. 30 ಗಂಟೆಗೊಮ್ಮೆ ಶುಕ್ರನನ್ನು ಸುತ್ತಬೇಕಾಗಿದ್ದ ನೌಕೆ ಹತ್ತು ದಿನಕ್ಕೂ ಮಿಕ್ಕಿ ತೆಗೆದುಕೊಂಡು ದೂರದಿಂದ ಸುತ್ತಿತು. ಅಷ್ಟು ದೂರದಿಂದಲೇ, ಓಡುವ ಮೋಡಗಳ ನಡುವೆ ನಿಂತಲ್ಲೇ ನಿಂತ, ಸುಮಾರು 10,000 ಕಿಲೋಮೀಟರ್ ಉದ್ದದ ಬಿಲ್ಲಿನಾಕಾರದ ಅಲೆಯನ್ನು ಕಂಡಿತು. ಕೆಳಗಿನ ಬೆಟ್ಟಗಳಿಗೆ ತಾಗಿದ ಗಾಳಿಯಿಂದ ಎದ್ದ ಅಲೆಯಂತೆ ಅದು. 2024ರ ಏಪ್ರಿಲ್‌ನಲ್ಲಿ ಸಂಪರ್ಕ ಕಡಿಯುವವರೆಗೂ ಕೆಲಸ ಮಾಡಿತು. 2025ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ವಿದಾಯ ಹೇಳಿದರು.

ಮಗಳಿಗೆ ನಾನು ಹೇಳಿದ್ದು ಇಷ್ಟೇ: “ಎರಡನೇ ಸಲ ಹೋಗುವವರಿಗೆ ದೊಡ್ಡ ಎಂಜಿನ್ ಇರೋದಿಲ್ಲ ಕಣೇ. ಇದ್ದುದರಲ್ಲೇ ಹೋಗಬೇಕು.” ಅವಳು ಏನೂ ಅನ್ನಲಿಲ್ಲ. ಲೆಕ್ಕದ ಪುಸ್ತಕ ತೆಗೆದಳು.