ಕೆಂಪು ಗುರುತಿನ ತೋಟೆಗಳು

ನಮ್ಮ ಮನೆಯಲ್ಲಿ ಕೋವಿಯನ್ನು ಹೊಗಳುವುದಕ್ಕೆ ಒಂದೇ ಮಾತಿತ್ತು: ‘ಚರೆ ಚೆದುರುವುದಿಲ್ಲ.’ ಅಜ್ಜನ ಒಂಟಿ ನಳಿಗೆಯ 12 ಬೋರ್ ಕೋವಿ ಬರ್ಮಿಂಗ್‌ಹ್ಯಾಮಿನದು. ಅದು ಕನ್ನಿ ಕೋಂಬರೆಯ ಗೋಡೆಯಲ್ಲಿ ತೂಗಾಡುತ್ತಿದ್ದ ಕಾಲದಲ್ಲಿ ಬಂದ ನೆಂಟರೆಲ್ಲ ಅದನ್ನು ಕೈಗೆತ್ತಿಕೊಂಡು ಈ ಮಾತನ್ನು ಹೇಳಿಯೇ ಕೆಳಗಿಡುತ್ತಿದ್ದರು. ಚರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ ಹೋಗಿ ಒಂದೇ ಕಡೆ ಬೀಳುತ್ತವೆ. ದೂರದ ಮರದಲ್ಲಿದ್ದದ್ದೂ ಉದುರುತ್ತದೆ. ಅಜ್ಜ ಒಳ್ಳೆಯ ಈಡುಗಾರ. ಕೋವಿಯೂ ಅವರಂತೆಯೇ, ಬಿಗಿ.

ನಾನು ಹುಟ್ಟಿದಾಗ ಆ ಕೋವಿ ಸದ್ದು ಮಾಡಲಿಲ್ಲ. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು, ಒಂದರ ಹಿಂದೆ ಒಂದು. ಕಣಿವೆಯಾಚೆ ಇರುವವರು ಸದ್ದು ಎಣಿಸಿಯೇ ಸುದ್ದಿ ತಿಳಿದುಕೊಳ್ಳುತ್ತಿದ್ದ ಕಾಲದ ಪದ್ಧತಿ ಇದು. 1994ರ ಮಳೆಗಾಲದಲ್ಲಿ ನಾನು ಹುಟ್ಟಿದ ಸುದ್ದಿಯನ್ನು ಅಪ್ಪ ನಡೆದುಕೊಂಡು ಹೋಗಿ ಹೇಳಿ ಬಂದರಂತೆ. ಮೂರು ವರ್ಷದ ನಂತರ ತಮ್ಮ ಹುಟ್ಟಿದಾಗ ಅಜ್ಜ ಹಾರಿಸಿದ ಈಡು ನನಗೆ ನೆನಪಿದೆಯೋ ಅಥವಾ ಎಲ್ಲರೂ ಹೇಳಿ ಹೇಳಿ ನೆನಪಾಗಿಬಿಟ್ಟಿದೆಯೋ ಗೊತ್ತಿಲ್ಲ. ಅಜ್ಜ ತೀರಿಕೊಂಡಾಗಿನ ಎರಡು ಮಾತ್ರ ಚೆನ್ನಾಗಿ ನೆನಪಿವೆ. ಆಗ ನನಗೆ ಎಂಟು ವರ್ಷ. ಸದ್ದಿಗೆ ಹೆದರಿ ಕೊಟ್ಟಿಗೆಯಲ್ಲಿ ಅವಿತುಕೊಂಡಿದ್ದೆ.

ಕಾನೂನಿಗೆ ಈ ತಾರತಮ್ಯ ಇಲ್ಲ ಎನ್ನುವುದು ಒಂದು ತಮಾಷೆ. ಬ್ರಿಟಿಷರ ಕಾಲದಿಂದ ಬಂದಿರುವ ಕೋವಿ ವಿನಾಯಿತಿ ‘ಕೊಡವ ಜನಾಂಗದ ಪ್ರತಿಯೊಬ್ಬ ವ್ಯಕ್ತಿ’ಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅನ್ವಯ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವ್ಯಕ್ತಿ ಎಂದರೆ ನಾನೂ ವ್ಯಕ್ತಿಯೇ. ಹಾಗಿದ್ದೂ ಕೋವಿ ತಮ್ಮನದು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿತ್ತು. ತಮ್ಮ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾನೆ, ಕೈಲ್ ಪೊಳ್ದ್‌ಗೂ ಬರುವುದು ಕಷ್ಟ. ವರ್ಷಕ್ಕೊಮ್ಮೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಕೋವಿಗೆ ಎಣ್ಣೆ ಹಚ್ಚಿ, ನಳಿಗೆಯ ಮೂತಿಗೆ ತೋಕ್ ಪೂ ಸಿಕ್ಕಿಸಿ, ಆಯುಧಗಳ ಸಾಲಿನಲ್ಲಿ ಇಡುವವಳು ನಾನೇ.

ಗುರಿ ಹಿಡಿಯುವುದು ನನಗೆ ಹೊಸದಲ್ಲ. ಕಾಲೇಜಿನಲ್ಲಿ ಎನ್‌ಸಿಸಿಯ .22 ರೈಫಲ್ ಹೊಡೆದಿದ್ದೆ. ಊರಿನ ಮಂದ್‌ನಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಎರಡು ಸಲ ಬಹುಮಾನವೂ ಬಂದಿತ್ತು. ತೆಂಗಿನಕಾಯಿ ಪಾಪದ್ದು, ಅಲ್ಲೇ ಇರುತ್ತದೆ. ಉಸಿರು ಬಿಗಿಹಿಡಿದು, ಕಣ್ಣು ಕಿರಿದು ಮಾಡಿ, ಎಷ್ಟು ಹೊತ್ತು ಬೇಕಾದರೂ ನೋಡಬಹುದು.

ಹಾರುವ ಬಿಲ್ಲೆಯ ಹುಚ್ಚು ಹತ್ತಿದ್ದು ಅಮ್ಮತ್ತಿ ಕಡೆಯ ನೆಂಟರೊಬ್ಬರಿಂದ. ಸೈನ್ಯದಿಂದ ನಿವೃತ್ತರಾದ ಅವರನ್ನು ನಾವು ಕರ್ನಲ್ ಮಾವ ಎನ್ನುತ್ತೇವೆ. ಅವರ ಬಾಣೆಯಲ್ಲಿ ಸನ್ನೆಕೋಲು ಎಳೆದರೆ ಬಿಲ್ಲೆ ಚಿಮ್ಮುವ ಹಳೆಯ ಯಂತ್ರವೊಂದಿದೆ. ‘ಕ್ಲೇ’ ಎಂದು ಹೆಸರಿದ್ದರೂ ಅದರಲ್ಲಿ ಮಣ್ಣಿಲ್ಲ. ಸುಣ್ಣಕಲ್ಲಿನ ಪುಡಿಯನ್ನು ಕೀಲಿನಂಥ ಅಂಟಿನಲ್ಲಿ ಕಲಸಿ ಅಚ್ಚು ಹಾಕಿದ್ದು. ಅಡ್ಡಳತೆ 110 ಮಿಲಿಮೀಟರ್, ಅಂದರೆ ಕಾಫಿ ಲೋಟದ ಕೆಳಗಿಡುವ ಸಾಸರಿಗಿಂತ ಚಿಕ್ಕದು. ಇದರ ಪೂರ್ವಿಕರು ಜೀವಂತ ಪಾರಿವಾಳಗಳು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಿಜವಾದ ಪಾರಿವಾಳಗಳನ್ನೇ ಹಾರಿಸಿ ಹೊಡೆದಿದ್ದರು. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ಗೆದ್ದದ್ದು ಈ ಬಿಲ್ಲೆಗಳನ್ನು ಒಡೆದೇ.

ಮೊದಲ ದಿನ ಅಜ್ಜನ ಕೋವಿಯಲ್ಲಿ 25 ಬಿಲ್ಲೆಗಳಿಗೆ ಹೊಡೆದೆ. ಒಡೆದದ್ದು ಆರು. ಆ ಆರೂ ಕಪ್ಪು ಹೊಗೆಯಾಗಿ ಹೋದವು, ಚೂರು ಕೂಡ ಸಿಗಲಿಲ್ಲ. ಉಳಿದ ಹತ್ತೊಂಬತ್ತು ನನ್ನನ್ನು ನೋಡಿಯೇ ಇಲ್ಲವೆಂಬಂತೆ ತೇಲಿಕೊಂಡು ಹೋಗಿ ಕಾಫಿ ಗಿಡಗಳ ಮೇಲೆ ಕೂತವು.

ಮಾವ ನಗಲಿಲ್ಲ. ಇಪ್ಪತ್ತು ಗಜ ದೂರದಲ್ಲಿ ಎರಡು ದಿನಪತ್ರಿಕೆ ಅಂಟಿಸಿ ನಿಲ್ಲಿಸಿ, ‘ಇದಕ್ಕೊಂದು ಹೊಡಿ’ ಎಂದರು. ಹೊಡೆದೆ. ಪತ್ರಿಕೆಯ ನಡುವೆ ಒಂದು ಹರಿವಾಣದಷ್ಟು ಜಾಗ ಜರಡಿಯಾಗಿತ್ತು; ಅದರಾಚೆ ಸುದ್ದಿಯೆಲ್ಲ ಓದುವ ಹಾಗೆಯೇ ಇತ್ತು. ‘ಕೋವಿಯದು ಫುಲ್ ಚೋಕ್. ನೀನು ತೆಂಗಿನಕಾಯಿಯವಳು. ಎರಡೂ ಸೇರಿದರೆ ಇಷ್ಟೇ.’

ಚೋಕ್ ಎಂದರೆ ನಳಿಗೆಯ ಮೂತಿಯನ್ನು ಒಳಗಿನಿಂದ ಸ್ವಲ್ಪ ಕಿರಿದು ಮಾಡಿರುವುದು. ಎಷ್ಟು ಕಿರಿದು ಎಂದರೆ, ಫುಲ್ ಚೋಕ್‌ನಲ್ಲಿ ಸುಮಾರು ಒಂದು ಮಿಲಿಮೀಟರ್. ಗದ್ದೆಗೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹೋಗುತ್ತದಲ್ಲ, ಹೆಚ್ಚುಕಡಿಮೆ ಆ ಬಗೆ. ಈ ವಿದ್ಯೆ 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಗ್ರೀನರ್ ಎಂಬ ಕೋವಿ ತಯಾರಕನಿಂದ ಪ್ರಸಿದ್ಧಿಗೆ ಬಂತು. ನಲವತ್ತು ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದರೆ, ಫುಲ್ ಚೋಕ್ ನಳಿಗೆ ತನ್ನ ಚರೆಗಳಲ್ಲಿ ನೂರಕ್ಕೆ ಎಪ್ಪತ್ತನ್ನು ಅದರೊಳಗೆ ಹಾಕುತ್ತದೆ. ಕಿರಿದು ಮಾಡದ ನೇರ ನಳಿಗೆ ನಲವತ್ತನ್ನು. ಇಪ್ಪತ್ತು ಗಜದಲ್ಲಿ ಫುಲ್ ಚೋಕ್‌ನ ಹರವು 16 ಇಂಚು, ನೇರ ನಳಿಗೆಯದು 32. ಹಿಂದೆ ನಿಂತು ದೂರ ಸರಿಯುವ ಬಿಲ್ಲೆಗೆ ಹೊಡೆಯುವ ಟ್ರ್ಯಾಪ್ ಆಟದಲ್ಲಿ ಬಿಗಿ ಚೋಕ್ ಬೇಕೇ ಬೇಕು. ಆದರೆ ಮಾವನ ಬಾಣೆ ಗಿಡ್ಡ, ಬಿಲ್ಲೆ ಅಡ್ಡಕ್ಕೆ ಹಾಯುತ್ತದೆ, ಇಪ್ಪತ್ತು ಇಪ್ಪತ್ತೈದು ಗಜದೊಳಗೇ ಅದನ್ನು ಮುಗಿಸಬೇಕು. ಅಲ್ಲಿ ಹರಿವಾಣ ಸಾಲದು, ಕೇರುವ ಮೊರ ಬೇಕು.

ನಳಿಗೆಯ ಮೂತಿಯನ್ನು ಎರಡು ಮೂರು ಇಂಚು ಕೊಯ್ದುಬಿಟ್ಟರೆ ಚೋಕ್ ಹೋಗುತ್ತದೆ, ಕೋವಿ ಅಗಲಕ್ಕೆ ಬೀರುತ್ತದೆ. ಈ ಮಾತನ್ನು ಮನೆಯಲ್ಲಿ ಎತ್ತಿದೆ. ಅಪ್ಪ ಊಟದಿಂದ ತಲೆಯೆತ್ತದೆ, ‘ನಿನ್ನ ಗುರಿ ಸರಿಯಿಲ್ಲ ಅಂತ ಕೋವಿಯ ಮೂಗು ಕೊಯ್ಯಬೇಕಾ?’ ಎಂದರು. ಅಪ್ಪ ಕೋವಿ ಮುಟ್ಟುವವರೇ ಅಲ್ಲ. ಕೈಲ್ ಪೊಳ್ದ್ ದಿನ ಎಲ್ಲರೂ ಹೊಡೆಯುವಾಗ ಅವರು ಕಡಂಬುಟ್ಟು ಬಡಿಸುತ್ತ ನಿಂತಿರುತ್ತಾರೆ. ಅಂಥವರು ಹೀಗೆ ಹೇಳಿದ್ದಕ್ಕೆ ನನಗೆ ಸಿಟ್ಟು ಬಂತು. ತಮ್ಮ ಕೇಳಿದ್ದರೆ ಕೊಯ್ಯಲು ಬಿಡುತ್ತಿದ್ದರೇನೋ ಎಂದೂ ಅನ್ನಿಸಿತು, ಅದನ್ನು ಅಂದೇಬಿಟ್ಟೆ. ಅಪ್ಪ ಕೈ ತೊಳೆಯಲು ಎದ್ದರು.

ಮಾವ ಇನ್ನೊಂದು ದಾರಿ ಹೇಳಿದರು: ಕೋವಿಯನ್ನು ಬದಲಿಸಬೇಡ, ತೋಟೆಯನ್ನು ಬದಲಿಸು. ಈಗಿನ ಕಾರ್ಖಾನೆಯ ತೋಟೆಗಳಲ್ಲಿ ಚರೆಗಳನ್ನು ಪ್ಲಾಸ್ಟಿಕ್ಕಿನ ಬಟ್ಟಲೊಂದು ಹಿಡಿದುಕೊಂಡಿರುತ್ತದೆ. ಅವು ನಳಿಗೆಗೆ ಉಜ್ಜದೆ, ಗುಂಡಗೇ ಉಳಿದು ನೆಟ್ಟಗೆ ಹೋಗುತ್ತವೆ. ಹಳೆಯ ಕಾಲದ ಹಾಗೆ ಬಟ್ಟಲಿಲ್ಲದೆ ಬರೀ ಫೆಲ್ಟಿನ ಬಿಲ್ಲೆಯ ಮೇಲೆ ಮೆತು ಸೀಸದ ಚರೆ ತುಂಬಿದರೆ ಅಂಚಿನವು ಉಜ್ಜಿ, ಚಪ್ಪಟೆಯಾಗಿ, ಗಾಳಿಯಲ್ಲಿ ದಾರಿ ತಪ್ಪುತ್ತವೆ. ಇನ್ನೂ ಅಗಲ ಬೇಕೆಂದರೆ ದಪ್ಪ ಕಾಗದದ ಎರಡು ಪಟ್ಟಿಗಳನ್ನು ಒಂದರೊಳಗೊಂದು ಸಿಕ್ಕಿಸಿ, ಅಧಿಕ ಚಿಹ್ನೆಯ ಹಾಗೆ ಮಾಡಿ, ಚರೆಯ ನಡುವೆ ನಿಲ್ಲಿಸುವುದು. ಚರೆ ನಾಲ್ಕು ಕೋಣೆಗಳಲ್ಲಿ ಕೂರುತ್ತದೆ. ಮೂತಿ ದಾಟಿದ ಕೂಡಲೇ ಆ ಗೋಡೆಗಳು ಅವನ್ನು ನಾಲ್ಕೂ ಕಡೆಗೆ ದೂಡುತ್ತವೆ. ತೋಟೆ ತುಂಬುವುದಕ್ಕೆ ಬೇಕಾದ ಕಾಗದಪತ್ರ ಮಾವನಲ್ಲಿತ್ತು. ಮದ್ದಿನ ತೂಕ ಅವರ ಪುಸ್ತಕದ ವಿಷಯ, ಅದನ್ನು ಇಲ್ಲಿ ಬರೆಯುವುದಿಲ್ಲ. ಅಂದಾಜಿನಲ್ಲಿ ಮಾಡುವ ಕೆಲಸವಲ್ಲ ಅದು. ನನಗೆ ಅವರು ಕೊಟ್ಟದ್ದು ಕಾಗದ ಕತ್ತರಿಸುವ ಕೆಲಸ.

ಗಟ್ಟಿ ಕಾಗದ ಹುಡುಕುತ್ತ ಅಟ್ಟದಲ್ಲಿದ್ದ ಅಜ್ಜನ ಮರದ ಪೆಟ್ಟಿಗೆ ತೆಗೆದೆ. ಅವರು ತೋಟೆ ತುಂಬುತ್ತಿದ್ದ ಸಾಮಾನು ಅದರಲ್ಲಿತ್ತು: ಹಿತ್ತಾಳೆಯ ಖಾಲಿ ತೋಟೆಗಳು, ಚರೆ ಅಳೆಯುವ ಪುಟ್ಟ ಲೋಟ, ಮರದ ಗಜ. ತಳದಲ್ಲಿ ಬಿಸ್ಕತ್ತಿನ ಡಬ್ಬಿ. ಅದರೊಳಗೆ ಸಾಲಾಗಿ ಜೋಡಿಸಿದ ಕಾಗದದ ಅಧಿಕ ಚಿಹ್ನೆಗಳು.

ಮದುವೆ ಕಾಗದಗಳನ್ನು ಕತ್ತರಿಸಿ ಮಾಡಿದ್ದು. ಒಂದರ ಮೇಲೆ ‘ಆಗಮನಾಭಿ’ ಎಂದಿತ್ತು, ಇನ್ನೊಂದರ ಮೇಲೆ ಬಂಗಾರದ ಬಣ್ಣದಲ್ಲಿ ‘ಮಡಿಕೇ’. ಕೆಲವನ್ನು ಬೆಳ್ಳಿಹುಳ ತಿಂದಿತ್ತು. ಅವುಗಳ ಜೊತೆ ತೋಟೆಯ ಬಾಯಿ ಮುಚ್ಚುವ ದುಂಡನೆಯ ಕಾರ್ಡುಗಳು. ಪ್ರತಿಯೊಂದರ ಮೇಲೂ ಕೆಂಪು ಶಾಯಿಯ ಒಂದು ಗೀಟು.

ಚರೆ ಚೆದುರದ ಕೋವಿಯ ಅಜ್ಜ ಯಾರಿಗಾಗಿ ಚರೆ ಚೆದುರಿಸಿದ್ದರು? ಡಬ್ಬಿಯನ್ನು ಅಪ್ಪನ ಮುಂದಿಟ್ಟೆ. ಅಪ್ಪ ಅಧಿಕ ಚಿಹ್ನೆಗಳನ್ನು ನೋಡಲಿಲ್ಲ, ದುಂಡನೆಯ ಕಾರ್ಡನ್ನು ಎತ್ತಿಕೊಂಡರು.

‘ಇದು ನನ್ನ ತೋಟೆಯ ಗುರುತು’ ಎಂದರು. ‘ನನ್ನ ಭುಜ ಸಣ್ಣದು, ಒದೆ ತಡೆಯಲ್ಲ, ಅದಕ್ಕೆ ಮದ್ದು ಕಡಿಮೆ ಹಾಕಿದೀನಿ, ನೀನು ಕೆಂಪು ಗುರುತಿನದೇ ತಗೊಳ್ಳಬೇಕು ಅನ್ನುತ್ತಿದ್ದರು. ಹನ್ನೆರಡು ಹದಿಮೂರು ವರ್ಷ ಇರಬೇಕು ನನಗೆ.’

1972ರ ವನ್ಯಜೀವಿ ಕಾಯ್ದೆಗೆ ಮುಂಚಿನ ಮಾತು. ಎಲ್ಲರೂ ಕಾಡಿಗೆ ಹೋಗುತ್ತಿದ್ದರು, ಗಂಡು ಹುಡುಗರನ್ನು ಕರೆದೊಯ್ಯುತ್ತಿದ್ದರು. ಅಪ್ಪ ಹೊಡೆದ ಮೊದಲ ಕಾಡುಕೋಳಿಯ ಕತೆ ನಮಗೆಲ್ಲ ಬಾಯಿಪಾಠ. ಅವರ ಇಡೀ ಬಾಲ್ಯದಲ್ಲಿ ಅಜ್ಜ ಎಲ್ಲರೆದುರು ಬೆನ್ನು ತಟ್ಟಿದ್ದು ಆವತ್ತೊಂದೇ ದಿನವಂತೆ.

ಈ ಕಾಗದ ಏನು ಮಾಡುತ್ತದೆಂದು ನಾನು ವಿವರಿಸಬೇಕಾಗಿರಲಿಲ್ಲ. ಮಾವನ ಮಾತುಗಳನ್ನು ವಾರವಿಡೀ ಊಟದ ಹೊತ್ತಿಗೆ ಮನೆಯಲ್ಲಿ ಒದರಿದ್ದೆ. ಅಪ್ಪ ಕಾರ್ಡನ್ನು ಡಬ್ಬಿಯಲ್ಲಿ ಹಾಕಿ, ಮುಚ್ಚಳ ಒತ್ತಿ, ಮೆಣಸಿನ ಬಳ್ಳಿ ನೋಡಿಕೊಂಡು ಬರುತ್ತೇನೆಂದು ಹೋದರು. ಕತ್ತಲಾದ ಮೇಲೆ ಬಂದರು. ಅವರ ಮೊದಲ ಕಾಡುಕೋಳಿಯನ್ನು ನಾನು ಕಸಿದುಕೊಂಡೆನೋ, ಅಥವಾ ಅಜ್ಜನನ್ನು ವಾಪಸು ಕೊಟ್ಟೆನೋ, ಆವತ್ತು ರಾತ್ರಿ ತಿಳಿಯಲಿಲ್ಲ. ನನಗೆ ಸಣ್ಣ ಹೊಟ್ಟೆಕಿಚ್ಚೂ ಆಯಿತು. ಯಾರಿಗೂ ತಿಳಿಯದ ಹಾಗೆ ದೀಪದ ಬೆಳಕಿನಲ್ಲಿ ಕೂತು ಮದುವೆ ಕಾಗದ ಕತ್ತರಿಸುವಷ್ಟು ಅಕ್ಕರೆ ಆ ಮುದುಕನಲ್ಲಿತ್ತು, ಒಂದು ಈಡಿನಷ್ಟು ಮಾತ್ರ ನನಗಾಗಿ ಮಿಕ್ಕಿರಲಿಲ್ಲ.

ಬೆಳಿಗ್ಗೆ ಅಪ್ಪನೇ ಕೇಳಿದರು, ‘ಎಷ್ಟು ಬೇಕು ನಿನಗೆ?’

ಗಟ್ಟಿಯಾಗಿದ್ದ 25 ಆರಿಸಿದೆವು. ಮಾವ ಕೋವಿಯ ನಳಿಗೆಯನ್ನೂ ತೋಟೆಯ ಕೋಣೆಯ ಉದ್ದವನ್ನೂ ಇನ್ನೊಮ್ಮೆ ಪರೀಕ್ಷಿಸಿ, ಫೆಲ್ಟ್ ಹಾಕಿ, ಅಜ್ಜನ ಕಾಗದ ನಿಲ್ಲಿಸಿ ತುಂಬಿದರು. ಒಂದನ್ನು ಪತ್ರಿಕೆಗೆ ಹೊಡೆದು ನೋಡಿದೆವು. ಹರವು ಎರಡೂ ಹಾಳೆಗಳನ್ನು ದಾಟಿ ಅಂಚಿನಾಚೆ ಹೋಗಿತ್ತು, ನಡುವೆ ಒಂದೆರಡು ಕಡೆ ಬಿಲ್ಲೆ ನುಸುಳುವಷ್ಟು ತೆರಪೂ ಇತ್ತು. ‘ಅಗಲ ಬೇಕೆಂದರೆ ತೆರಪನ್ನೂ ಒಪ್ಪಬೇಕು’ ಎಂದರು ಮಾವ.

ಉಳಿದ 24ರಲ್ಲಿ 16 ಒಡೆದೆ. ಈ ಸಲ ಹೊಗೆಯಾಗಲಿಲ್ಲ. ಎರಡು ಹೋಳು, ಮೂರು ಹೋಳು, ಕೆಲವಕ್ಕೆ ಅಂಚು ಮಾತ್ರ ಮುಕ್ಕು. ಸನ್ನೆಕೋಲು ಎಳೆಯಲು ಅಪ್ಪ ಕೂತಿದ್ದರು. ಒಂದೊಂದು ಒಡೆದಾಗಲೂ ಗಾಳಿಯಲ್ಲಿ ಕಾಗದದ ಚೂರು ಹಾರುವುದನ್ನು ಅವರು ನೋಡುತ್ತಿದ್ದರು.

ಮುಗಿದ ಮೇಲೆ ಕೋವಿ ಮುರಿದು ಕೈಯಲ್ಲಿ ಹಿಡಿದಿದ್ದೆ. ಅಪ್ಪ ಎದ್ದು ಬಂದು, ‘ಕೊಡು ಇಲ್ಲಿ’ ಎಂದರು. ಮಾವ ತಮ್ಮ ಚೀಲದಿಂದ ಒಂದು ತೋಟೆ ತೆಗೆದರು.

‘ಇದರಲ್ಲಿ ಕಾಗದ ಇಲ್ಲ ತಾನೇ?’

‘ಇಲ್ಲ. ಕಾರ್ಖಾನೆಯದು.’

‘ಹಾಗಾದರೆ ಸರಿ.’

ನಾನು ಸನ್ನೆಕೋಲು ಎಳೆದೆ. ಅಪ್ಪ ತೀರಾ ತಡವಾಗಿ ಹೊಡೆದರು. ಬಿಲ್ಲೆ ತಾನಾಗಿಯೇ ಇಳಿದು ಲಂಟಾನದ ಪೊದೆಯೊಳಗೆ ಹೋಯಿತು. ಕೋವಿ ಮುರಿದು ನನ್ನ ಕೈಗೆ ಕೊಟ್ಟವರೇ ಪಂಚೆ ಎತ್ತಿ ಕಟ್ಟಿಕೊಂಡು ಇಳಿಜಾರಿನಲ್ಲಿ ನಡೆದರು. ಪೊದೆ ಸರಿಸುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಕೊನೆಗೆ ಮೇಲಕ್ಕೆ ಬಂದಾಗ ಕೈಯೆಲ್ಲ ಮುಳ್ಳು ಗೀರಿತ್ತು, ಮುಖದಲ್ಲಿ ನಗೆಯಿತ್ತು. ‘ನೋಡು’ ಎಂದು ಬಿಲ್ಲೆಯನ್ನು ತಿರುಗಿಸಿ ತೋರಿಸಿದರು, ‘ಒಂದು ಚರೆಯೂ ತಾಗಿಲ್ಲ.’