ಸಣ್ಣ ರಂಧ್ರ, ದೊಡ್ಡ ನಿರ್ಧಾರ

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಇರುವ ರಾಜಗೋಪಾಲನಗರದಲ್ಲಿ ಬೆಳಗಾಗುವುದೇ ಯಂತ್ರಗಳ ಸದ್ದಿನೊಂದಿಗೆ. ಅಲ್ಲಿಯ ಸಣ್ಣ ಷೆಡ್ಡೊಂದರಲ್ಲಿ ಇಪ್ಪತ್ತೆರಡು ವರ್ಷ ಲೇತ್ ಮುಂದೆ ಬಾಗಿ ನಿಂತು ದುಡಿದ ಟರ್ನರ್ ಒಬ್ಬರಿಗೆ ಬೆನ್ನಿನ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಎರಡು ಹೆಗಲೆಲುಬುಗಳ ನಡುವೆ ಮೊಳೆ ಹೊಡೆದಂಥ ನೋವು. ಮುಲಾಮು ಹಚ್ಚಿದರು, ಮಾತ್ರೆ ನುಂಗಿದರು, ಊರಿನಿಂದ ಎಣ್ಣೆ ತರಿಸಿ ತಿಕ್ಕಿಸಿಕೊಂಡರು. ಎರಡು ತಿಂಗಳಾದರೂ ನೋವು ಹೋಗಲಿಲ್ಲ.

ಪಕ್ಕದ ಷೆಡ್ಡಿನ ಗೆಳೆಯನ ಪಿತ್ತಕೋಶವನ್ನು ಹೊಟ್ಟೆಯ ಮೇಲಿನ ನಾಲ್ಕು ಸಣ್ಣ ರಂಧ್ರಗಳ ಮೂಲಕವೇ ತೆಗೆದಿದ್ದರು. ಮೂರನೆಯ ದಿನ ಅವನು ಮನೆಯಲ್ಲಿದ್ದ. 'ಬೆನ್ನಿಗೂ ಹಾಗೇ ಮಾಡ್ತಾರಂತೆ, ಮಾಡಿಸ್ಕೊಂಡ್ಬಿಡು' ಎಂದ. ಟರ್ನರ್ ಮನಸ್ಸು ಮಾಡಿಯೇಬಿಟ್ಟರು. ಸಣ್ಣ ಷೆಡ್ಡಾದ್ದರಿಂದ ಇಎಸ್‌ಐ ಇರಲಿಲ್ಲ. ಇದ್ದದ್ದು ಮಗಳ ಎಂಜಿನಿಯರಿಂಗ್ ಓದಿಗೆಂದು ಚೀಟಿ ಕಟ್ಟಿ ಕೂಡಿಸಿದ್ದ ಹಣ. ದ್ವಿತೀಯ ಪಿಯುಸಿಯಲ್ಲಿದ್ದ ಮಗಳು ಎದುರಾಡಲಿಲ್ಲ. 'ಅಪ್ಪಾ, ಡಾಕ್ಟರ ಹತ್ತಿರ ನಾನೂ ಬರ್ತೀನಿ' ಎಂದಳಷ್ಟೆ.

ಮೂಳೆ ವೈದ್ಯರು ಮೊದಲು ಕೈಗೆತ್ತಿಕೊಂಡದ್ದು ಎಕ್ಸ್‌ರೇಯನ್ನಲ್ಲ, ಪ್ರಶ್ನೆಗಳನ್ನು. ಸಂಜೆ ಜ್ವರ ಬರುತ್ತದೆಯೇ? ತೂಕ ಇಳಿದಿದೆಯೇ? ರಾತ್ರಿ ಮಲಗಿದರೂ ನೋವು ಬಿಡುವುದಿಲ್ಲವೇ? ನಡೆಯುವಾಗ ಕಾಲು ತಡವರಿಸುತ್ತದೆಯೇ? ಮೂತ್ರದ ಹತೋಟಿ ತಪ್ಪಿದೆಯೇ? ಎಲ್ಲಕ್ಕೂ 'ಇಲ್ಲ ಸಾರ್' ಎಂಬುದೇ ಉತ್ತರ.

ಈ ಪ್ರಶ್ನೆಗಳಿಗೆ ಕಾರಣವಿದೆ. ಕ್ಷಯ ಶ್ವಾಸಕೋಶಕ್ಕಷ್ಟೇ ಬರುವ ರೋಗವಲ್ಲ, ಬೆನ್ನುಮೂಳೆಗೂ ತಗಲುತ್ತದೆ. ಜ್ವರ, ತೂಕ ಇಳಿಕೆ ಅದರ ಸುಳಿವಾಗಿರಬಹುದು. ಕಾಲು ತಡವರಿಸಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಆಗ ಒಂದು ದಿನವೂ ತಡಮಾಡಬಾರದು. ಇವೇನೂ ಇಲ್ಲದ ಮೇಲುಬೆನ್ನಿನ ನೋವು ಬಹುಪಾಲು ಸ್ನಾಯುಗಳದ್ದು. ಎದೆಯ ಹಿಂದಿರುವ 12 ಮಣಿಗಳು ಪಕ್ಕೆಲುಬುಗಳಿಗೆ ಕೂಡಿಕೊಂಡು ಭದ್ರವಾಗಿರುವುದರಿಂದ ಅಲ್ಲಿ ಡಿಸ್ಕ್ ಜಾರಿ ತೊಂದರೆ ಕೊಡುವುದು ಅಪರೂಪ.

'ಸಾರ್, ಸೊಂಟದ ಡಿಸ್ಕನ್ನು ಸಣ್ಣ ರಂಧ್ರದಿಂದ ತೆಗೀತಾರಲ್ಲ?' ಎಂದಳು ಮಗಳು.

'ಇಲ್ಲೂ ತೆಗೆಯಬಹುದಮ್ಮ. ಆದರೆ ಜಾಗ ಬೇರೆ' ಎಂದ ವೈದ್ಯರು ಮೇಜಿನ ಮೇಲಿದ್ದ ಬೆನ್ನುಮೂಳೆಯ ಮಾದರಿ ತೋರಿಸಿದರು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅದರ ಕೆಳಗೆ ಇರುವುದು ನರಗಳ ಎಳೆಗಳು ಮಾತ್ರ. ಅವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಬಹುದು. ಎದೆಯ ಹಿಂದೆ ಇರುವುದು ಬೆನ್ನುಹುರಿಯೇ. ಅದನ್ನು ಸರಿಸಲು ಹೋದರೆ ಕಾಲುಗಳೇ ಬಿದ್ದುಹೋಗಬಹುದು. ಆದ್ದರಿಂದ ವೈದ್ಯರು ಎದೆಯ ಪಕ್ಕದಿಂದ ದಾರಿ ಮಾಡಿಕೊಂಡರು. ಎದೆಗೂಡಿನೊಳಗೆ ನಳಿಗೆ ಇಳಿಸಿ ನೋಡುವ ವಿಧಾನವನ್ನು ಸ್ವೀಡನ್ನಿನ ಯಾಕೋಬೇಯಸ್ 1910ರಲ್ಲೇ ಪ್ರಕಟಿಸಿದ್ದ. 1990ರ ದಶಕದಲ್ಲಿ ಅದೇ ದಾರಿಯಲ್ಲಿ ಕ್ಯಾಮೆರಾ ತೂರಿಸಿ, ಒಂದು ಶ್ವಾಸಕೋಶದ ಗಾಳಿ ಇಳಿಸಿಟ್ಟು ಡಿಸ್ಕ್ ತೆಗೆಯತೊಡಗಿದರು. ದೊಡ್ಡ ಕೊಯ್ತ ತಪ್ಪಿತು, ನೋವು ಕಡಿಮೆಯಾಯಿತು. ಬೇಕಾದವರಿಗೆ ಅದು ವರವೇ ಸರಿ.

'ಚರ್ಮದ ಮೇಲಿನ ಗಾಯ ಚಿಕ್ಕದು. ಒಳಗಿನ ಕೆಲಸ ಚಿಕ್ಕದಲ್ಲ. ನಿಮಗೆ ಅದು ಬೇಕಿಲ್ಲ' ಎಂದರು ವೈದ್ಯರು. ಕೆಲವು ವ್ಯಾಯಾಮ ಹೇಳಿಕೊಟ್ಟು, ಕೆಲಸ ಮಾಡುವಾಗ ಕೈ ಎಷ್ಟು ಎತ್ತರದಲ್ಲಿರುತ್ತದೆ ಎಂದು ವಿಚಾರಿಸಿದರು. ಲೇತ್ ಅವರ ಮೊಣಕೈಗಿಂತ ಬಹಳ ಕೆಳಗಿತ್ತು.

ಮಾಲೀಕರನ್ನು ಒಪ್ಪಿಸಿ ಲೇತಿನ ಅಡಿಪಾಯ ಎತ್ತರಿಸಿದ್ದಾಯಿತು. ಗಂಟೆಗೊಮ್ಮೆ ಬೆನ್ನು ನೆಟ್ಟಗೆ ಮಾಡುವುದು ರೂಢಿಯಾಯಿತು. ಎರಡು ತಿಂಗಳಲ್ಲಿ ನೋವು ಮುಕ್ಕಾಲು ಪಾಲು ಇಳಿಯಿತು. 'ಬೇರಿಂಗ್ ಸದ್ದು ಮಾಡಿದ್ರೆ ಬಿಚ್ಚೋಕೆ ಮುಂಚೆ ಅಲೈನ್‌ಮೆಂಟ್ ನೋಡ್ಬೇಕು ಅಂತ ಹುಡುಗರಿಗೆ ಹೇಳ್ತಿದ್ದೆ. ನನ್ನ ಬೆನ್ನಿಗೆ ಅದು ನೆನಪಾಗ್ಲಿಲ್ಲ' ಎಂದು ಅವರು ನಕ್ಕರು.

ಚೀಟಿಯ ಹಣ ಕಾಲೇಜಿಗೇ ಹೋಯಿತು. ಈಗ ಮಗಳು ನೆಲದ ಮೇಲೆ ಕೂತು ಪುಸ್ತಕಕ್ಕೋ ಮೊಬೈಲಿಗೋ ಕತ್ತು ಬಗ್ಗಿಸಿದರೆ, ಅಪ್ಪ ಸುಮ್ಮನೆ ಒಂದು ಮಣೆ ತಂದು ಅವಳ ಮುಂದಿಡುತ್ತಾರೆ.